ಕವರ್ ಬಿಚ್ಚಿಟ್ಟರೆ ಎಂಜಿನ್ ತಣ್ಣಗಿರುತ್ತದಾ?

ಕಳೆದ ಮಳೆಗಾಲದ ಶುರುವಿನಲ್ಲಿ ನಮ್ಮ ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅಟ್ಟದಲ್ಲಿದ್ದ ವೀಡ್ ಕಟರ್ ಇಳಿಸಿದೆ. ಹಗ್ಗ ಎಳೆದ ಕೂಡಲೇ ಸ್ಟಾರ್ಟ್ ಆಗುತ್ತಿತ್ತು, ಆದರೆ ಇಪ್ಪತ್ತು ನಿಮಿಷಕ್ಕೆಲ್ಲ ಹತ್ತಿರ ಕೈ ಇಡಲಾಗದಷ್ಟು ಕಾದು ತಾನಾಗಿಯೇ ನಿಂತುಬಿಡುತ್ತಿತ್ತು. ಎಂಜಿನ್ ಮೇಲೊಂದು ಪ್ಲಾಸ್ಟಿಕ್ ಕವರ್ ಇರುತ್ತದಲ್ಲ, ಅದೇ ಕಾವು ಹಿಡಿದಿಡುತ್ತಿದೆ ಅಂತ ನನಗೆ ಅನ್ನಿಸಿತು. ನಾಲ್ಕು ಸ್ಕ್ರೂ ಬಿಚ್ಚಿ ಕವರ್ ತೆಗೆದೆ. ಕಣ್ಣಿಗೆ ಕಂಡಷ್ಟು ಕಸವನ್ನು ಕಡ್ಡಿಯಲ್ಲಿ ಕೆರೆದೆ. ಇನ್ನು ಚೆನ್ನಾಗಿ ಗಾಳಿಯಾಡುತ್ತದೆ ಎಂದು ಕವರ್ ಇಲ್ಲದೆಯೇ ಕೆಲಸಕ್ಕೆ ಇಳಿದೆ. ಕಾಲು ಗಂಟೆ ಆಗಿರಬೇಕು, ಕಿರ್ ಎಂದು ಒಂದು ಸದ್ದು. ಆಮೇಲೆ ಹಗ್ಗ ಎಷ್ಟು ಜಗ್ಗಿದರೂ ಅಲ್ಲಾಡಲಿಲ್ಲ.

ಪೇಟೆಯ ಮೆಕ್ಯಾನಿಕ್ ಮೆಷಿನನ್ನು ಒಮ್ಮೆ ತಿರುಗಿಸಿ ನೋಡಿದ. ಮೊದಲು ಕೇಳಿದ್ದೇ, "ಕವರ್ ಎಲ್ಲಿ ಮಾರಾಯ್ರೇ?"

"ಬಿಸಿಯಾಗ್ತಿತ್ತು. ಗಾಳಿ ಆಡಲಿ ಅಂತ ತೆಗೆದಿಟ್ಟೆ."

"ಹಂಗಾದ್ರೆ ಸೀಜ್ ಮಾಡಿದ್ದು ನೀವೇ."

ವೀಡ್ ಕಟರ್, ಔಷಧಿ ಹೊಡೆಯುವ ಪಂಪು, ಕರೆಂಟ್ ಹೋದರೆ ಜನರೇಟರ್, ಓಡಾಟಕ್ಕೆ ಸ್ಕೂಟರ್ ಅಂತ ಈಗ ಒಂದೊಂದು ಮನೆಯಲ್ಲೂ ಮೂರ್ನಾಲ್ಕು ಪುಟ್ಟ ಎಂಜಿನ್‌ಗಳಿವೆ. ಹೆಚ್ಚಿನವು ಏರ್ ಕೂಲ್ಡ್, ಅಂದರೆ ಗಾಳಿಯಿಂದಲೇ ತಣ್ಣಗಾಗುವಂಥವು. ನೀರು, ರೇಡಿಯೇಟರ್ ಯಾವುದೂ ಇಲ್ಲ. ಹಾಗಾಗಿ ಅದರಲ್ಲಿ ನೋಡಿಕೊಳ್ಳುವಂಥದ್ದು ಏನೂ ಇಲ್ಲ ಅಂತಲೇ ನಾವು ತಿಳಿದಿರುತ್ತೇವೆ. ನಾನೂ ಹಾಗೇ ತಿಳಿದಿದ್ದೆ.

## ಅಷ್ಟೊಂದು ಬಿಸಿ ಎಲ್ಲಿಂದ?

ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಕರೆಂಟಿನಷ್ಟು ಶಕ್ತಿ ಅಡಗಿದೆ. ಪುಟ್ಟ ಎಂಜಿನ್ ಅದರಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸವಾಗಿ ಬದಲಿಸುತ್ತದೆ, ಅಂದರೆ ಬ್ಲೇಡ್ ಅಥವಾ ಚಕ್ರ ತಿರುಗಿಸುವುದಕ್ಕೆ. ಮಿಕ್ಕ 7 ಯೂನಿಟ್‌ನಷ್ಟು ಬರೀ ಬಿಸಿ. 2 ಕಿಲೋವ್ಯಾಟ್‌ನ ಗೀಸರ್ ಮೂರೂವರೆ ಗಂಟೆ ಉರಿದರೆ ಎಷ್ಟು ಕಾವು ಬರುತ್ತದೋ ಅಷ್ಟು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸೈಲೆನ್ಸರ್ ಮೂಲಕ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಉಳಿದರ್ಧ ಎಂಜಿನ್ನಿನ ಗೋಡೆಗಳಿಗೆ ಇಳಿಯುತ್ತದೆ. ಕೂಲಿಂಗ್ ಅಂದರೆ ಈ ಅರ್ಧವನ್ನು ಹೊರಗೆ ಸಾಗಿಸುವ ಕೆಲಸ.

ಪೆಟ್ರೋಲ್ ಹೊತ್ತಿಕೊಂಡ ಆ ಕ್ಷಣದಲ್ಲಿ ಸಿಲಿಂಡರ್, ಅಂದರೆ ಪೆಟ್ರೋಲ್ ಉರಿಯುವ ಕೊಳವೆ, ಅದರೊಳಗಿನ ಅನಿಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕೊಳವೆಯಲ್ಲಿ ಹಿಂದೆ ಮುಂದೆ ಓಡಾಡುವ ಪಿಸ್ಟನ್ ಅಲ್ಯೂಮಿನಿಯಂದು, ಅದು 660 ಡಿಗ್ರಿಗೆಲ್ಲ ಕರಗುವ ಲೋಹ. ಹಾಗಿದ್ದೂ ಕರಗುವುದಿಲ್ಲ, ಯಾಕೆ? ಬೆಂಕಿ ಇರುವುದು ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ ಹೊತ್ತು. ಅದರ ಬೆನ್ನಿಗೇ ತಣ್ಣನೆಯ ಹೊಸ ಗಾಳಿ, ಪೆಟ್ರೋಲ್ ಒಳಗೆ ಬರುತ್ತವೆ. ಆದರೆ ನಿಮಿಷಕ್ಕೆ 6000 ಸುತ್ತು ತಿರುಗುವ, ಸುತ್ತಿಗೊಮ್ಮೆ ಪೆಟ್ರೋಲ್ ಉರಿಸುವ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಇಂಥ ಬೆಂಕಿ ಸೆಕೆಂಡಿಗೆ 100 ಸಲ ಹೊತ್ತುತ್ತದೆ. ಒಂದೊಂದು ಸಲವೂ ಗೋಡೆಗೆ ಒಂದಿಷ್ಟು ಕಾವು ಅಂಟಿಸಿ ಹೋಗುತ್ತದೆ. ಬಂದಷ್ಟನ್ನೂ ಬಂದ ವೇಗದಲ್ಲೇ ಹೊರಗೆ ಹಾಕದಿದ್ದರೆ ಅದು ಒಳಗೇ ಕೂಡುತ್ತಾ ಹೋಗುತ್ತದೆ.

## ಸೀಜ್ ಆಗುವುದು ಅಂದರೆ

ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಎಣ್ಣೆಯ ತೆಳು ಪದರ. ಬಿಸಿಯಾದ ಲೋಹ ಹಿಗ್ಗುತ್ತದೆ. ಸಿಲಿಂಡರ್ ಕೂಡ ಹಿಗ್ಗುತ್ತದೆ ಅನ್ನುವುದು ನಿಜ, ಆದರೆ ಅದರ ಹೊರಮೈಗೆ ಗಾಳಿ ತಾಗುತ್ತದೆ. ಪಿಸ್ಟನ್ ಒಳಗೆ ಬಂದಿ. ತನ್ನ ಕಾವನ್ನು ಮೈಸುತ್ತ ಇರುವ ರಿಂಗುಗಳ ಮೂಲಕ ಗೋಡೆಗೆ ದಾಟಿಸಿ, ಗೋಡೆ ಅದನ್ನು ಹೊರಗೆ ಕೊಟ್ಟರೆ ಮಾತ್ರ ಅದಕ್ಕೆ ಉಳಿವು. ಗೋಡೆಯೇ ಕಾದು ಕೂತರೆ ಪಿಸ್ಟನ್ ಕಾವನ್ನು ಎಲ್ಲಿಗೆ ಬಿಡಬೇಕು? ಹಿಗ್ಗುತ್ತಾ ಹೋಗಿ ಸಂದು ಮುಚ್ಚುತ್ತದೆ, ಎಣ್ಣೆ ಸೀದು ಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ಅಂಟಿಕೊಳ್ಳುತ್ತದೆ. ನನ್ನ ಮೆಷಿನ್ನಿನ ಪಿಸ್ಟನ್ ಹೊರಗೆ ಬಂದಾಗ ಅದರ ಒಂದು ಪಕ್ಕದಲ್ಲಿ ಉದ್ದಕ್ಕೂ ಗೆರೆಗಳಿದ್ದವು, ಬೆಕ್ಕು ಪರಚಿದ ಹಾಗೆ. ಸೈಲೆನ್ಸರ್ ಕಡೆಯ ಪಕ್ಕ ಅದು. ಉರಿದ ಹೊಗೆ ಹೊರಗೆ ಹೋಗುವ ದಾರಿಯೇ ಆದ್ದರಿಂದ ಸಿಲಿಂಡರ್‌ನ ಆ ಮಗ್ಗುಲು ಯಾವಾಗಲೂ ಜಾಸ್ತಿ ಬಿಸಿ.

## ಅನ್ನ ಹರವಿದ ಹಾಗೆ

ಚಿತ್ರಾನ್ನ ಮಾಡುವಾಗ ಅನ್ನವನ್ನು ಕುಕ್ಕರಿನಲ್ಲೇ ಬಿಡುವುದಿಲ್ಲ, ಅಗಲ ತಟ್ಟೆಗೆ ಸುರಿದು ಹರವುತ್ತೇವೆ. ಅನ್ನ ಅಷ್ಟೇ ಇದ್ದರೂ ಗಾಳಿಗೆ ತಾಗುವ ಮೈ ಜಾಸ್ತಿಯಾಗಿ ಬೇಗ ಆರುತ್ತದೆ. ಎಂಜಿನ್ನಿನ ಸುತ್ತ ಸಾಲಾಗಿ ಇರುವ ತೆಳು ಪಟ್ಟಿಗಳು, ಮೆಕ್ಯಾನಿಕ್‌ಗಳು ಫಿನ್ ಅನ್ನುತ್ತಾರಲ್ಲ, ಅವು ಮಾಡುವುದು ಇದನ್ನೇ. ಸಿಲಿಂಡರನ್ನು ಅಗಲ ಮಾಡಲು ಆಗುವುದಿಲ್ಲ. ಅದಕ್ಕೇ ಅದರ ಹೊರಮೈಗೆ ರೆಕ್ಕೆ ಹಚ್ಚಿ ಗಾಳಿಗೆ ತಾಗುವ ಜಾಗವನ್ನು ಹಲವು ಪಾಲು ಹೆಚ್ಚಿಸುತ್ತಾರೆ.

ಹಾಗಾದರೆ ಫಿನ್‌ಗಳನ್ನು ಇನ್ನೂ ಉದ್ದ, ಇನ್ನೂ ಒತ್ತಾಗಿ ಇಡಬಹುದಿತ್ತಲ್ಲ? ಎರಡಕ್ಕೂ ಮಿತಿ ಇದೆ. ಫಿನ್ನಿನ ಬುಡ ಬಿಸಿ, ತುದಿಗೆ ಹೋಗುತ್ತಾ ತಂಪು. ಉದ್ದ ಅತಿಯಾದರೆ ತುದಿಯ ತನಕ ಕಾವು ತಲುಪುವುದೇ ಇಲ್ಲ, ಸುಮ್ನೆ ತೂಕ. ಬುಡ ದಪ್ಪ, ತುದಿ ತೆಳು ಇರುವುದೂ ಈ ಲೆಕ್ಕದಿಂದಲೇ. ಇನ್ನು ಒತ್ತಾಗಿಸಿದರೆ ಬೇರೆ ತೊಂದರೆ. ಬಿಸಿ ಲೋಹದ ಮೈಗೆ ಅಂಟಿಕೊಂಡು ಗಾಳಿಯ ಒಂದು ತೆಳು ಪದರ ನಿಂತಿರುತ್ತದೆ. ಬಿಸಿ ಕಾಫಿಯ ಮೇಲೆ ಊದುವುದು ಆ ನಿಂತ ಪದರವನ್ನು ಸರಿಸುವುದಕ್ಕೇ. ಫಿನ್‌ಗಳು ತೀರಾ ಹತ್ತಿರವಾದರೆ ಎರಡು ಕಡೆಯ ಪದರಗಳೂ ಒಂದಕ್ಕೊಂದು ತಾಗಿ ಸಂದೇ ಕಟ್ಟಿಹೋಗುತ್ತದೆ. ಹೊಸ ಗಾಳಿ ಒಳಗೆ ನುಗ್ಗುವುದಿಲ್ಲ. ಬರೀ ಓಟದ ಗಾಳಿಯನ್ನು ನಂಬಿದ ಬೈಕಿನಲ್ಲಿ ಫಿನ್‌ಗಳ ನಡುವೆ ಅಂತರ ಹೆಚ್ಚು. ಫ್ಯಾನ್ ಇಟ್ಟು ಗಾಳಿಯನ್ನು ತಳ್ಳುವ ಎಂಜಿನ್‌ನಲ್ಲಿ ಒತ್ತಾಗಿ ಇಡಬಹುದು.

ಲೋಹವೂ ಮುಖ್ಯ. ಹಳೇ ಬುಲೆಟ್‌ಗಳ ಸಿಲಿಂಡರ್ ಬ್ಲಾಕ್ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಬೀಡು ಗಟ್ಟಿ, ಬೇಗ ಸವೆಯುವುದಿಲ್ಲ. ಆದರೆ ಕಾವು ಸಾಗಿಸುವುದರಲ್ಲಿ ನಿಧಾನ. ಅಲ್ಯೂಮಿನಿಯಂ ಅದಕ್ಕಿಂತ ಮೂರು ಪಟ್ಟು ಚುರುಕು, ತೂಕದಲ್ಲೂ ಹಗುರ. ಈಗಿನ ಪುಟ್ಟ ಎಂಜಿನ್‌ಗಳು ಹೆಚ್ಚಾಗಿ ಅಲ್ಯೂಮಿನಿಯಂನವೇ. ಗಾಡಿ ನಿಲ್ಲಿಸಿದ ಮೇಲೆ ಟಿಕ್ ಟಿಕ್ ಎಂದು ಕೇಳುತ್ತದಲ್ಲ, ಅದು ಹಿಗ್ಗಿದ್ದ ಲೋಹ ಆರುತ್ತಾ ಕುಗ್ಗುವ ಸದ್ದು. ಹೆದರಬೇಕಾಗಿಲ್ಲ.

## ಮೂರು ಕೊಡ ಗಾಳಿ, ಎರಡು ಚಮಚ ನೀರು

ಕಾವು ಹೊರುವುದರಲ್ಲಿ ಗಾಳಿ ಬಹಳ ಬಡಪಾಯಿ. ಒಂದು ಲೆಕ್ಕ ಹಾಕಿ ನೋಡೋಣ. ಎಂಜಿನ್ ಗೋಡೆಯಿಂದ 2 ಕಿಲೋವ್ಯಾಟ್‌ನಷ್ಟು ಕಾವು ತೆಗೆಯಬೇಕು, ಗಾಳಿ ಹಾದು ಹೋಗುವಾಗ 40 ಡಿಗ್ರಿಯಷ್ಟು ಬಿಸಿಯಾಗುತ್ತದೆ ಎಂದುಕೊಳ್ಳಿ. ಆಗ ಪ್ರತಿ ಸೆಕೆಂಡಿಗೆ 40 ಲೀಟರ್‌ಗೂ ಹೆಚ್ಚು ಗಾಳಿ ಬೇಕು. ಅಂದರೆ ಸೆಕೆಂಡಿಗೆ ಮೂರು ಕೊಡ. ಇದೇ ಕೆಲಸಕ್ಕೆ ನೀರಾದರೆ ಸೆಕೆಂಡಿಗೆ 12 ಮಿಲಿಲೀಟರ್ ಸಾಕು, ಎರಡು ಚಮಚ.

ಮೂರು ಕೊಡ ಗಾಳಿ ಸೆಕೆಂಡ್ ಸೆಕೆಂಡಿಗೂ ಅಂಗೈ ಅಗಲದ ಎಂಜಿನ್ನಿನ ಸಂದುಗಳಲ್ಲಿ ನುಗ್ಗಿ ಹೋಗಬೇಕು. ಸುತ್ತ ಗಾಳಿ ಇದ್ದ ಮಾತ್ರಕ್ಕೆ ಇದು ಆಗುವುದಿಲ್ಲ. ನಾನು ತಪ್ಪಿದ್ದು ಇಲ್ಲಿಯೇ.

ಬೇಸಿಗೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ, 180 ಡಿಗ್ರಿ ಇದೆ ಅಂದುಕೊಳ್ಳಿ. ಮಡಿಕೇರಿಯ 20 ಡಿಗ್ರಿ ಚಳಿಯಲ್ಲಿ ಹೆಡ್‌ಗೂ ಗಾಳಿಗೂ ಇರುವ ಅಂತರ 160. ರಾಯಚೂರಿನ 42 ಡಿಗ್ರಿ ಬಿಸಿಲಲ್ಲಿ 138. ಕಾವು ಹೊರಗೆ ಹೋಗುವುದು ಸುಮಾರು ಏಳರಲ್ಲಿ ಒಂದು ಪಾಲು ಕಡಿಮೆಯಾಯಿತು, ಅಷ್ಟೇ. ಫಿನ್‌ಗಳ ಅರ್ಧ ಭಾಗ ಕಸ ಕಟ್ಟಿದ್ದರೆ ಆಗುವ ನಷ್ಟ ಇದಕ್ಕಿಂತ ಎಷ್ಟೋ ದೊಡ್ಡದು. ಎಂಜಿನ್ ಕೆಟ್ಟಾಗ ಬಿಸಿಲನ್ನು ಬೈಯುವ ಮೊದಲು ಫಿನ್ ನೋಡುವುದು ವಾಸಿ.

## ಓಡುವ ಬೈಕು, ನಿಂತ ಜನರೇಟರ್

ಬೈಕಿಗೆ ಗಾಳಿ ಬಿಟ್ಟಿ. 97.2 ಸಿಸಿಯ ಸ್ಪ್ಲೆಂಡರ್ ಇರಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೂ ಬರುತ್ತಿದ್ದ 250 ಸಿಸಿ ಯೆಜ್ಡಿ ಇರಲಿ, ಎಂಜಿನ್ ಎದುರಿಗೆ ತೆರೆದುಕೊಂಡಿರುತ್ತದೆ. ಗಾಡಿ ಮುಂದೆ ಹೋದ ಹಾಗೆ ಗಾಳಿ ಬಂದು ಬಡಿಯುತ್ತದೆ. ಹೆಚ್ಚಿನ ಬೈಕುಗಳಲ್ಲಿ ಸೈಲೆನ್ಸರ್ ಪೈಪ್ ಎಂಜಿನ್ನಿನ ಮುಂಭಾಗದಿಂದ ಹೊರಡುತ್ತದೆ. ಅತಿ ಬಿಸಿಯಾಗುವ ಮಗ್ಗುಲು ಗಾಳಿಗೆ ಮೊದಲು ಸಿಗಲಿ ಅನ್ನುವುದೂ ಅದಕ್ಕೊಂದು ಕಾರಣ. ಫಿನ್‌ಗಳು ಹೆಡ್‌ನಲ್ಲಿ ಅಗಲ, ಕೆಳಕ್ಕೆ ಬಂದಂತೆ ಚಿಕ್ಕವು. ಬೆಂಕಿ ಹೊತ್ತುವುದು ಮೇಲೆ ತಾನೆ?

ಸಿಗ್ನಲ್‌ನಲ್ಲಿ ನಿಂತಾಗ? ಗಾಳಿ ಇಲ್ಲ ನಿಜ, ಆದರೆ ಆಗ ಎಂಜಿನ್ ಉರಿಸುವ ಪೆಟ್ರೋಲ್ ಕೂಡ ಅತ್ಯಲ್ಪ. ಹಾಗಾಗಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಬೈಕಿಗೆ ನಿಜವಾದ ಪರೀಕ್ಷೆ ಆಗುಂಬೆ ಘಾಟಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆ 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ, ವೇಗ ಮಾತ್ರ ಇಪ್ಪತ್ತು. ಕಾವು ಬರುವುದು ಜಾಸ್ತಿ, ಗಾಳಿ ಬರುವುದು ಕಡಿಮೆ.

ಸ್ಕೂಟರಿನಲ್ಲಿ ಎಂಜಿನ್ ಸೀಟಿನ ಕೆಳಗೆ, ಕವರ್‌ಗಳ ಒಳಗೆ ಇರುತ್ತದೆ. ಜನರೇಟರ್ ನಿಂತಲ್ಲೇ ನಿಂತಿರುತ್ತದೆ. ವೀಡ್ ಕಟರ್ ನಮ್ಮ ನಡಿಗೆಯ ವೇಗದಲ್ಲಿ ಚಲಿಸುತ್ತದೆ. ಇವುಗಳಿಗೆ ಗಾಳಿಯನ್ನು ಎಂಜಿನ್ನೇ ತಂದುಕೊಳ್ಳಬೇಕು. ಉಪಾಯ ಸರಳ. ಪಿಸ್ಟನ್ನಿನ ಓಡಾಟದಿಂದ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಗೆ ಜೋಡಿಸಿದ ಭಾರದ ಚಕ್ರವೊಂದಿದೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಮ್ಯಾಗ್ನೆಟ್. ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವುದು ಅದೇ. ಅದಕ್ಕೇ ಫ್ಯಾನಿನ ಎಸಳುಗಳನ್ನೂ ಸೇರಿಸಿಬಿಡುತ್ತಾರೆ. ಹಗ್ಗ ಎಳೆಯುವ ಕಡೆಯ ಜಾಲರಿಯ ಹಿಂದೆ ಇಣುಕಿದರೆ ಕಾಣುತ್ತದೆ. ಹಳೇ ಚೇತಕ್ ಸ್ಕೂಟರಿನಲ್ಲೂ ಹೀಗೇ, ಈಗಿನ ಆಕ್ಟಿವಾದಲ್ಲೂ ಹೀಗೇ.

ಈ ಫ್ಯಾನ್ ನಮ್ಮ ಟೇಬಲ್ ಫ್ಯಾನಿನಂತೆ ನೇರ ಊದುವುದಿಲ್ಲ. ಜಾಲರಿಯ ಮೂಲಕ ಗಾಳಿಯನ್ನು ನಡುವಿಗೆ ಎಳೆದುಕೊಂಡು ಅಂಚಿನ ಕಡೆಗೆ ಎಸೆಯುತ್ತದೆ, ಎಲ್ಲ ದಿಕ್ಕಿಗೂ. ಎಂಜಿನ್ ತಿರುಗಿದಷ್ಟೇ ಅದು ತಿರುಗುತ್ತದೆ. ಆದ್ದರಿಂದ ದಪ್ಪ ಕಳೆಗೆ ಬ್ಲೇಡ್ ಸಿಕ್ಕಿ ಎಂಜಿನ್ ಗುರ್ ಎಂದು ಒದ್ದಾಡುವಾಗ ಒಳಗೆ ಕಾವು ಏರುತ್ತಿರುತ್ತದೆ, ಅದೇ ಹೊತ್ತಿಗೆ ಫ್ಯಾನ್ ನಿಧಾನವಾಗಿರುತ್ತದೆ. ಪೂರ್ತಿ ವೇಗಕ್ಕೆ ಬಿಟ್ಟು ಸ್ವಲ್ಪ ಸ್ವಲ್ಪವೇ ಕತ್ತರಿಸುವುದು ಎಂಜಿನ್ನಿಗೆ ಹಿತ.

ಕೆಲಸ ಮುಗಿದ ಕೂಡಲೇ ಟಕ್ ಎಂದು ಆಫ್ ಮಾಡಿದರೂ ಇದೇ ಸಮಸ್ಯೆ. ಫ್ಯಾನ್ ನಿಂತುಹೋಗುತ್ತದೆ, ಲೋಹದಲ್ಲಿ ತುಂಬಿದ ಕಾವು ಅಲ್ಲೇ ಉಳಿಯುತ್ತದೆ. ಅದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಪಕ್ಕದ ಕಾರ್ಬ್ಯುರೇಟರಿಗೆ ಹರಡಿದರೆ ಅಲ್ಲಿನ ಪೆಟ್ರೋಲ್ ಆವಿಯಾಗುತ್ತದೆ. ಐದು ನಿಮಿಷ ಬಿಟ್ಟು ಹಗ್ಗ ಎಳೆದರೆ ಸ್ಟಾರ್ಟ್ ಆಗದೆ ಸತಾಯಿಸುವುದು ಇದಕ್ಕೇ. ನಿಲ್ಲಿಸುವ ಮುಂಚೆ ಒಂದೆರಡು ನಿಮಿಷ ಲೋಡ್ ಇಲ್ಲದೆ ಓಡಲು ಬಿಟ್ಟರೆ ಫ್ಯಾನ್ ತನ್ನ ಕೆಲಸ ಮುಗಿಸುತ್ತದೆ.

ಜನರೇಟರನ್ನು ಕೋಣೆಯೊಳಗೆ ಇಟ್ಟರೆ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಎಂಜಿನ್ ಹಾಳಾಗುವುದು ಹಾಗಿರಲಿ, ಅದರ ಹೊಗೆಯಲ್ಲಿ ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಮುಚ್ಚಿದ ಜಾಗದಲ್ಲಿ ಅದು ಜೀವವನ್ನೇ ತೆಗೆಯುತ್ತದೆ. ಜಗಲಿಯೂ ಬೇಡ, ಅಂಗಳದಲ್ಲಿ ದೂರವೇ ಇರಲಿ.

## ಕವರ್ ಅಂದರೆ ಊದುಗೊಳವೆ

ಸೌದೆ ಒಲೆ ಊದುವಾಗ ದೂರದಿಂದ ಬಾಯಲ್ಲಿ ಊದಿದರೆ ಬೂದಿ ಹಾರುತ್ತದೆಯೇ ಹೊರತು ಕೆಂಡ ಹೊತ್ತುವುದಿಲ್ಲ. ಅದೇ ಉಸಿರನ್ನು ಊದುಗೊಳವೆಯಲ್ಲಿ ಬಿಟ್ಟರೆ ಸರಿಯಾಗಿ ಕೆಂಡಕ್ಕೇ ಹೋಗಿ ತಾಗುತ್ತದೆ. ಎಂಜಿನ್ ಮೇಲಿನ ಕವರ್ ಆ ಕೊಳವೆ. ಫ್ಯಾನ್ ಎಲ್ಲ ದಿಕ್ಕಿಗೂ ಎಸೆದ ಗಾಳಿಯನ್ನು ಒಟ್ಟು ಮಾಡಿ, ಫಿನ್‌ಗಳ ನಡುವಿನ ಇಕ್ಕಟ್ಟಿನಲ್ಲೇ ಹಾದು ಹೋಗುವಂತೆ ಕಟ್ಟಿಹಾಕುತ್ತದೆ.

ಗಾಳಿಯೂ ನೀರಿನ ಹಾಗೆಯೇ ಸುಲಭದ ದಾರಿ ಹುಡುಕುತ್ತದೆ. ತೋಟದ ಕಾಲುವೆಯ ಬದು ಒಂದು ಕಡೆ ಒಡೆದರೆ ನೀರು ಕೊನೆಯ ಮರದ ತನಕ ಹೋಗುತ್ತದಾ? ಒಡೆದಲ್ಲೇ ಹೊರಗೆ ಹರಿಯುತ್ತದೆ. ಕವರ್ ತೆಗೆದರೆ ಗಾಳಿಗೂ ಅಷ್ಟೇ. ಇಕ್ಕಟ್ಟಾದ ಫಿನ್‌ಗಳ ನಡುವೆ ನುಗ್ಗುವ ಕಷ್ಟ ಅದಕ್ಕೇಕೆ, ಮೇಲಿನಿಂದ ಆರಾಮಾಗಿ ಹಾರಿ ಹೋಗುತ್ತದೆ. ಎಂಜಿನ್ ತೆರೆದಂತೆ ಕಾಣುತ್ತದೆ, ಫಿನ್‌ಗಳ ಬುಡದಲ್ಲಿ ಮಾತ್ರ ಗಾಳಿ ಸತ್ತಿರುತ್ತದೆ.

ಕವರ್‌ನದು ಇನ್ನೊಂದು ಕೆಲಸವಿದೆ. ಹೊಳೆಯ ನಡುವಿನ ಬಂಡೆಯನ್ನು ನೋಡಿ. ನೀರು ಎದುರಿಗೆ ಬಡಿದು ಎರಡು ಕಡೆಗೆ ಸೀಳಿ ಹೋಗುತ್ತದೆ. ಬಂಡೆಯ ಬೆನ್ನಿಗೆ ನಿಂತ ನೀರು, ಎಲೆ ಕಸ ಅಲ್ಲೇ ಸುತ್ತುತ್ತಿರುತ್ತವೆ. ಸಿಲಿಂಡರಿಗೆ ಬಡಿದ ಗಾಳಿಯೂ ಹೀಗೇ ಮಾಡಿದರೆ ಹಿಂಬದಿ ಕಾದೇ ಇರುತ್ತದೆ. ಒಂದು ಪಕ್ಕ ತಂಪು, ಒಂದು ಪಕ್ಕ ಬಿಸಿ ಆದರೆ ಸಿಲಿಂಡರ್ ಒಂದೇ ಸಮ ಹಿಗ್ಗದೆ ಅದರ ದುಂಡಗಿನ ಆಕಾರವೇ ಕೆಡುತ್ತದೆ. ಕವರ್‌ನ ಒಳಗಿನ ಬಾಗು, ಅಡ್ಡ ತಗಡು ಎಲ್ಲ ಇರುವುದು ಗಾಳಿಯನ್ನು ಸಿಲಿಂಡರಿನ ಬೆನ್ನಿನ ತನಕ ಸುತ್ತಿಸಿ ತರುವುದಕ್ಕೆ. ನೋಡಲು ಸಾದಾ ಪ್ಲಾಸ್ಟಿಕ್ ಡಬ್ಬಿ. ಏರ್ ಕೂಲ್ಡ್ ಎಂಜಿನ್ನಿಗೆ ಅದೇ ರೇಡಿಯೇಟರ್ ಇದ್ದ ಹಾಗೆ.

## ಎಣ್ಣೆ ಮತ್ತು ಪೆಟ್ರೋಲ್‌ನ ಪಾಲು

ಹೆಸರು ಏರ್ ಕೂಲ್ಡ್ ಆದರೂ ಎಲ್ಲವನ್ನೂ ಗಾಳಿಯೇ ಮಾಡುವುದಿಲ್ಲ. ಎರಡು ಸುತ್ತಿಗೊಮ್ಮೆ ಉರಿಸುವ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ತಲುಪದ ಜಾಗಗಳಿಂದ ಕಾವು ಹೊತ್ತು ತರುವುದು ಎಂಜಿನ್ ಆಯಿಲ್. ಪುಟ್ಟ ಜನರೇಟರಿನಲ್ಲಿ ಇರುವುದೇ ಅರ್ಧ ಲೀಟರಿನ ಆಸುಪಾಸು. ಅದರಲ್ಲಿ ನೂರಿನ್ನೂರು ಮಿಲಿ ಕಡಿಮೆಯಾದರೆ ಜಾರುವಿಕೆಯ ಜೊತೆ ತಂಪೂ ಹೋಯಿತು.

ಟೂ ಸ್ಟ್ರೋಕ್‌ನಲ್ಲಿ ಎಣ್ಣೆ ಪೆಟ್ರೋಲ್‌ಗೇ ಬೆರೆತಿರುತ್ತದೆ. ಲೀಟರಿಗೆ 20ರಿಂದ 40 ಮಿಲಿ, ಆಯಾ ಮೆಷಿನ್ನಿನ ಪುಸ್ತಕದಲ್ಲಿ ಹೇಳಿದಷ್ಟು. ಒಳಗೆ ಬರುವ ಪೆಟ್ರೋಲ್ ಆವಿಯಾಗುವಾಗ ಒಂದಿಷ್ಟು ಕಾವನ್ನೂ ಹೀರುತ್ತದೆ, ಕೈಗೆ ಪೆಟ್ರೋಲ್ ತಾಗಿದರೆ ತಣ್ಣಗೆನಿಸುವುದು ಇದರಿಂದಲೇ. ಹಾಗಾಗಿ ಉಳಿತಾಯ ಆಗಲಿ ಎಂದು ಕಾರ್ಬ್ಯುರೇಟರ್ ತಿರುಗಿಸಿ ಪೆಟ್ರೋಲ್ ತೀರಾ ಕಡಿಮೆ ಮಾಡಿದರೆ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ.

## ಹಾಗಾದರೆ ಎಲ್ಲಕ್ಕೂ ನೀರನ್ನೇ ಬಳಸಬಹುದಲ್ಲ?

ಎರಡು ಚಮಚ ನೀರು ಸಾಕು ಅಂದಮೇಲೆ ಈ ಪ್ರಶ್ನೆ ಬರುವುದು ಸಹಜ. ಆದರೆ ಆ ನೀರನ್ನು ತಿರುಗಿಸಲು ಪಂಪು ಬೇಕು, ಆರಿಸಲು ರೇಡಿಯೇಟರ್ ಬೇಕು, ಪೈಪು ಬೇಕು, ಸೋರದಂತೆ ನೋಡಬೇಕು. ಇಷ್ಟನ್ನೂ ಹೆಗಲಿಗೆ ಹಾಕಿಕೊಂಡು ಹುಲ್ಲು ಕತ್ತರಿಸುವವರು ಯಾರು?

ಕೊನೆಗೆ ಆ ನೀರನ್ನು ಆರಿಸುವುದೂ ಗಾಳಿಯೇ ಅಲ್ವಾ ಅನ್ನುವ ವಾದವೂ ಇದೆ. ಹೋಂಡಾ ಕಂಪನಿ ಕಟ್ಟಿದ ಸೊಯಿಚಿರೊ ಹೋಂಡಾ ಅವರ ಹಟ ಇದೇ ಆಗಿತ್ತು. 1969ರಲ್ಲಿ ಹೋಂಡಾ 1300 ಎಂಬ ಏರ್ ಕೂಲ್ಡ್ ಕಾರನ್ನೇ ಮಾರುಕಟ್ಟೆಗೆ ತಂದರು. ಮೂರು ವರ್ಷ ಕಳೆದು 1972ರಲ್ಲಿ ಬಂದ ಸಿವಿಕ್ ಮಾತ್ರ ನೀರಿನದು. ಪೋರ್ಷೆಯವರ 911 ಕಾರು 1998ರವರೆಗೂ ಗಾಳಿಯನ್ನೇ ನೆಚ್ಚಿಕೊಂಡಿತ್ತು, ಆಮೇಲೆ ಅದೂ ನೀರಿಗೆ ಬಂತು. ದೊಡ್ಡ ಎಂಜಿನ್‌ಗಳು ಹೀಗೆ ಹೊರಳಲು ಕಾರಣ, ನೀರಿದ್ದರೆ ಎಂಜಿನ್ನಿನ ಬಿಸಿ ಒಂದೇ ಮಟ್ಟದಲ್ಲಿ ಇರುತ್ತದೆ. ಹಾಗಿದ್ದರೆ ಸಂದುಗಳನ್ನು ಇನ್ನೂ ಬಿಗಿಯಾಗಿ ಇಡಬಹುದು, ಹೊಗೆಯ ನಿಯಮಗಳಿಗೆ ಹೊಂದಿಸುವುದೂ ಸುಲಭ. ಸದ್ದೂ ಕಡಿಮೆ. ರಾಯಲ್ ಎನ್‌ಫೀಲ್ಡ್‌ನ ಹಿಮಾಲಯನ್ ಬೈಕಿಗೆ 2023ರಲ್ಲಿ ರೇಡಿಯೇಟರ್ ಬಂದಿದ್ದೂ ಇದೇ ದಾರಿಯಲ್ಲಿ. ನೂರು ಸಿಸಿಯ ಆಸುಪಾಸಿನಲ್ಲಿ ಮಾತ್ರ ಗಾಳಿಯ ಲೆಕ್ಕಾಚಾರವೇ ಈಗಲೂ ಗೆಲ್ಲುತ್ತಿದೆ.

## ಫಿನ್ ನಡುವಿನ ನಾರು

ನನ್ನ ಮೆಷಿನ್ ಮೊದಲು ಬಿಸಿಯಾಗುತ್ತಿದ್ದುದು ಯಾಕೆ ಅನ್ನುವುದು ಮೆಕ್ಯಾನಿಕ್ ಸಿಲಿಂಡರ್ ಬಿಚ್ಚಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ನಾನು ಕೆರೆದ ಮುಂಭಾಗ ಚೊಕ್ಕಟ. ಹಿಂಬದಿಯ ಸಂದುಗಳಲ್ಲಿ ಒಣಹುಲ್ಲಿನ ಪುಡಿ, ಸೋರಿದ 2ಟಿ (ಟೂ ಸ್ಟ್ರೋಕ್) ಆಯಿಲ್, ಮಣ್ಣು ಮೂರೂ ಸೇರಿ ತೆಂಗಿನ ನಾರಿನ ಚಾಪೆಯ ಹಾಗೆ ಗಟ್ಟಿಯಾಗಿತ್ತು. ಎಂಜಿನ್ನಿಗೆ ಕಂಬಳಿ ಹೊದಿಸಿದಂತೆ. ಅವನು ಬಿದಿರಿನ ಸೀಳು ತೆಗೆದುಕೊಂಡು ಒಂದೊಂದೇ ಸಂದು ಬಿಡಿಸಿದ. ಆಮೇಲೆ ಪೇಂಟ್ ಬ್ರಷ್, ಕೊನೆಗೆ ಕಂಪ್ರೆಸರ್ ಗಾಳಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಫಿನ್ ಮುರಿಯುತ್ತದಂತೆ. ಬಿಸಿ ಎಂಜಿನ್ನಿಗೆ ನೀರು ಹೊಡೆಯುವುದಂತೂ ಬೇಡವೇ ಬೇಡ ಅಂದ. ಕಾದ ಲೋಹ ಒಮ್ಮೆಲೇ ಕುಗ್ಗಿದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಹಗ್ಗದ ಕಡೆಯ ಜಾಲರಿಗೂ ಹುಲ್ಲು ಮೆತ್ತಿಕೊಂಡಿತ್ತು. ಗಾಳಿ ಒಳಗೆ ಬರುವ ಬಾಗಿಲೇ ಅದು, ಕೆಲಸದ ನಡುವೆ ಪೆಟ್ರೋಲ್ ಹಾಕಲು ನಿಲ್ಲಿಸಿದಾಗಲೆಲ್ಲ ಕೈಯಲ್ಲಿ ಒರೆಸಿಬಿಡಿ ಎಂದ.

ಹೊಸ ಬ್ಲಾಕ್ ಪಿಸ್ಟನ್ ಬಿತ್ತು. ಮನೆಯಿಂದ ತಂದ ಕವರ್ ಕೊಟ್ಟೆ. ಸ್ಕ್ರೂ ಮೂರೇ ಇದ್ದವು, ಒಂದು ಎಲ್ಲೋ ಹುಲ್ಲಿನಲ್ಲಿ ಬಿದ್ದುಹೋಗಿತ್ತು. "ಮೂರರಲ್ಲೇ ನಿಲ್ಲುತ್ತೆ ಬಿಡಿ" ಅಂದೆ. ಅವನು ಕವರಿನ ಸಡಿಲ ಮೂಲೆಯನ್ನು ಬೆರಳಲ್ಲಿ ಎತ್ತಿ ತೋರಿಸಿದ. ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು. ಮತ್ತೇನೂ ಹೇಳದೆ ಸ್ಕ್ರೂ ಡಬ್ಬಿಯನ್ನು ಬೆಂಚಿನ ಮೇಲೆ ಸುರಿದು ಹುಡುಕತೊಡಗಿದ.